ವಂತಿಗೆ, ಇನಾಮು ಮತ್ತು ಮುಕ್ತ ತಂತ್ರಾಂಶ

ಬ್ಯಾಂಕಿನ ಜಾಲತಾಣವನ್ನು ತೆರೆದಾಗ ಅದರ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಆರಂಭವಾಗುವುದನ್ನು ನೀವು ಗಮನಿಸಿರಬಹುದು. ನೀವು ಕಳಿಸುವ ಪಾಸ್‌ವರ್ಡ್ ದಾರಿಯಲ್ಲಿ ಬೇರೆಯವರ ಕಣ್ಣಿಗೆ ಬೀಳದಂತೆ ಗೂಢಲಿಪಿಯಾಗಿ ಹೋಗುತ್ತಿದೆ ಎಂಬುದರ ಸೂಚನೆ ಅದು. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಹು ವ್ಯಾಪಕವಾಗಿ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ 'ಓಪನ್‌ಎಸ್‌ಎಸ್‌ಎಲ್' ಒಂದು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

2014ರ ಏಪ್ರಿಲ್ 7ರಂದು ಈ ತಂತ್ರಾಂಶದಲ್ಲಿ ಒಂದು ಗಂಭೀರ ದೋಷವಿರುವುದು ಬಯಲಾಯಿತು. ಅದಕ್ಕೆ 'ಹಾರ್ಟ್‌ಬ್ಲೀಡ್' ಎಂಬ ಹೆಸರು ಬಂತು. ದೋಷದ ಸ್ವರೂಪ ಬಹಳ ಸರಳ. ಸಂಪರ್ಕದಲ್ಲಿರುವ ಎರಡು ಗಣಕಗಳು 'ಇದ್ದೀಯಾ?', 'ಇದ್ದೇನೆ' ಎಂದು ಆಗಾಗ ವಿಚಾರಿಸಿಕೊಳ್ಳುತ್ತವೆ. ಒಂದು ಗಣಕ ಒಂದು ಮಾತನ್ನು ಕಳಿಸಿ, ಅದರ ಉದ್ದ ಇಷ್ಟು ಎಂದೂ ತಿಳಿಸುತ್ತದೆ. ಇನ್ನೊಂದು ಅದೇ ಮಾತನ್ನು ಹಿಂದಿರುಗಿಸುತ್ತದೆ. ಹೇಳಿದ ಉದ್ದ ನಿಜವೇ ಎಂದು ಪರಿಶೀಲಿಸುವ ಒಂದು ಹೆಜ್ಜೆ ಕ್ರಮವಿಧಿಯಲ್ಲಿ ಬಿಟ್ಟುಹೋಗಿತ್ತು. ಮೂರಕ್ಷರ ಕಳಿಸಿ, ಉದ್ದ 64 ಕಿಲೋಬೈಟ್ ಎಂದು ಸುಳ್ಳು ಹೇಳಿದರೆ, ಎದುರಿನ ಗಣಕ ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಅಷ್ಟನ್ನೂ ಕಳಿಸಿಬಿಡುತ್ತಿತ್ತು. ಅದರಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು, ಗೂಢಲಿಪಿಯನ್ನು ಬಿಡಿಸುವ ಕೀಲಿಯೇ ಇರಬಹುದು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯೊಡನೆ ಬಂದ ಈ ದೋಷ ಎರಡು ವರ್ಷ ಬಯಲಾಗದೆ ಉಳಿದಿತ್ತು.

ಈ ಪ್ರಕರಣದ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ದೋಷವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರಿಗೆ 'ಇಂಟರ್‌ನೆಟ್ ಬಗ್ ಬೌಂಟಿ' ಎಂಬ ಯೋಜನೆಯಿಂದ 15,000 ಡಾಲರ್ ಇನಾಮು ಸಂದಿತು. ಅವರು ಅದನ್ನು ದಾನ ಮಾಡಿದರು. ಓಪನ್‌ಎಸ್‌ಎಸ್‌ಎಲ್‌ಗೆ ಅಲ್ಲಿಯವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸಗಾರರು ಒಬ್ಬರೇ. ಉಳಿದ ಖರ್ಚನ್ನು ಕಂಪನಿಗಳಿಗೆ ಮಾಡಿಕೊಡುವ ಬಿಡಿ ಕೆಲಸಗಳಿಂದ ಹೊಂದಿಸಿಕೊಳ್ಳಬೇಕಿತ್ತು. ಒಂದು ತಪ್ಪನ್ನು ಕಂಡುಹಿಡಿದುದಕ್ಕೆ ಸಿಕ್ಕ ಹಣ, ತಪ್ಪಾಗದಂತೆ ವರ್ಷವಿಡೀ ನೋಡಿಕೊಳ್ಳುವವರಿಗೆ ಬರುತ್ತಿದ್ದ ದೇಣಿಗೆಯ ಏಳು ಪಟ್ಟಿಗಿಂತಲೂ ಹೆಚ್ಚು!

ಇದು ಹೇಗಾಯಿತು? ಮುಕ್ತ ತಂತ್ರಾಂಶಕ್ಕೆ ಹಣ ಒದಗಿಸಲು ಕಳೆದ ಕಾಲು ಶತಮಾನದಲ್ಲಿ ಬಹಳವಾಗಿ ಹೊಗಳಿಸಿಕೊಂಡ ಎರಡು ದಾರಿಗಳನ್ನು ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಮೊದಲನೆಯದು ಹಲವರಿಂದ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸುವ ಕ್ರೌಡ್‌ಫಂಡಿಂಗ್. ಊರ ಜಾತ್ರೆಗೆ, ಶಾಲೆಯ ಕೊಠಡಿಗೆ ನಾವು ಎತ್ತುವ ವಂತಿಗೆಯ ಹಾಗೆ. ಎರಡನೆಯದು 'ಈ ಕೆಲಸ ಮಾಡಿಕೊಟ್ಟವರಿಗೆ ಇಷ್ಟು ಹಣ' ಎಂದು ಸಾರುವ ಬೌಂಟಿ, ಅಂದರೆ ಇನಾಮು.

ಉಚಿತವಾದುದಕ್ಕೆ ಹಣವೇಕೆ?

ಮುಕ್ತ ತಂತ್ರಾಂಶದಲ್ಲಿ ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಮಾರಬಾರದು ಎಂದೇನೂ ಇಲ್ಲ. ಆದರೆ ಕೊಂಡವನು ಎಲ್ಲರಿಗೂ ಹಂಚಬಹುದಾದ್ದರಿಂದ, ಪ್ರತಿಗೆ ಇಷ್ಟೆಂದು ಮಾರಿ ಬದುಕುವುದು ಕಷ್ಟ. ಬೀದಿದೀಪದ ಬೆಳಕಿನಂತೆ ಅದು ಹಣ ಕೊಟ್ಟವನಿಗೂ ಕೊಡದವನಿಗೂ ಸಮಾನ. ಅರ್ಥಶಾಸ್ತ್ರಜ್ಞರು ಇಂಥದನ್ನು ಸಾರ್ವಜನಿಕ ಸರಕು ಎನ್ನುತ್ತಾರೆ. ಬೀದಿದೀಪಕ್ಕೆ ಪಂಚಾಯಿತಿಯ ತೆರಿಗೆ ಇದೆ. ಮುಕ್ತ ತಂತ್ರಾಂಶಕ್ಕೆ ಅಂಥ ತೆರಿಗೆ ಇಲ್ಲ. ಬರೆಯುವವರಿಗಾದರೋ ಮನೆ ಬಾಡಿಗೆ, ಮಕ್ಕಳ ಶುಲ್ಕ, ವಿದ್ಯುತ್ ಬಿಲ್ಲು ಎಲ್ಲವೂ ಇವೆ.

ವಂತಿಗೆ: ಎಲ್ಲಿ ಗೆದ್ದಿತು?

1999ರಲ್ಲಿ ಗೂಢಲಿಪಿ ತಜ್ಞರಾದ ಜಾನ್ ಕೆಲ್ಸಿ ಮತ್ತು ಬ್ರೂಸ್ ಶ್ನಯರ್ ಒಂದು ಪ್ರಬಂಧದಲ್ಲಿ 'ಬೀದಿ ಕಲಾವಿದನ ಕ್ರಮ' ಎಂಬ ವಿಧಾನವನ್ನು ಮುಂದಿಟ್ಟರು. ಕೃತಿಕಾರ ಮೊದಲೇ ಒಂದು ಮೊತ್ತವನ್ನು ಸಾರುತ್ತಾನೆ. ಆಸಕ್ತರು ಕೊಡುವ ಹಣ ಮೂರನೆಯವರೊಬ್ಬರ ಬಳಿ ಠೇವಣಿಯಾಗಿರುತ್ತದೆ. ಮೊತ್ತ ತುಂಬಿದರೆ ಕೃತಿ ಎಲ್ಲರ ಸೊತ್ತಾಗುತ್ತದೆ, ಹಣ ಕೃತಿಕಾರನದಾಗುತ್ತದೆ. ತುಂಬದಿದ್ದರೆ ಕೊಟ್ಟವರಿಗೆ ವಾಪಸು. ಪ್ರತಿಗಳ ಮೇಲೆ ಕಾವಲು ಕೂರದೆ ಸಾರ್ವಜನಿಕ ಸರಕಿಗೆ ಬೆಲೆ ಪಡೆಯುವ ಜಾಣ ಉಪಾಯ ಇದು.

ಮೂರೇ ವರ್ಷಗಳಲ್ಲಿ ಇಂಥ ಕ್ರಮ ಗೆದ್ದುದಕ್ಕೆ ಒಂದು ದೊಡ್ಡ ಉದಾಹರಣೆ ದೊರೆಯಿತು. 'ಬ್ಲೆಂಡರ್' ಎಂಬುದು ಮೂರು ಆಯಾಮದ ಚಿತ್ರಗಳನ್ನೂ ಚಲನಚಿತ್ರಗಳನ್ನೂ ರಚಿಸುವ ತಂತ್ರಾಂಶ. ನೆದರ್‌ಲ್ಯಾಂಡ್ಸ್‌ನ ಟಾನ್ ರೋಸೆಂಡಾಲ್ ಅದರ ಮೂಲ ಕರ್ತೃ. ಅದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿತು. 1,00,000 ಯೂರೋ ಕೊಟ್ಟರೆ ಆಕರ ಸಂಕೇತವನ್ನು ಬಿಟ್ಟುಕೊಡಲು ಹೂಡಿಕೆದಾರರು ಒಪ್ಪಿದರು. ಆ ವರ್ಷದ ಜುಲೈನಲ್ಲಿ ರೋಸೆಂಡಾಲ್ ಬಳಕೆದಾರರ ಮುಂದೆ ಜೋಳಿಗೆ ಹಿಡಿದರು. ಏಳು ವಾರಗಳಲ್ಲಿ ಸುಮಾರು 1,10,000 ಯೂರೋ ಕೂಡಿತು. ಅಕ್ಟೋಬರ್ 13ರಂದು ಬ್ಲೆಂಡರ್ ಮುಕ್ತ ತಂತ್ರಾಂಶವಾಯಿತು.

ಇದು ಯಾಕೆ ಗೆದ್ದಿತು? ಮೂರು ಕಾರಣಗಳು ಸ್ಪಷ್ಟವಾಗಿವೆ. ವಸ್ತು ಆಗಲೇ ಸಿದ್ಧವಾಗಿತ್ತು. ಅದು ಏನು ಮಾಡಬಲ್ಲದೆಂದು ಬಳಕೆದಾರರಿಗೆ ಗೊತ್ತಿತ್ತು. ಬೆಲೆ ನಿಶ್ಚಿತವಾಗಿತ್ತು. ಹಣ ಕೈಸೇರಿದ ದಿನ ವ್ಯವಹಾರ ಮುಗಿಯುವಂತಿತ್ತು. ನಮ್ಮಲ್ಲೂ ಇದಕ್ಕೆ ಹೋಲಿಕೆ ಇದೆ. 2012ರಲ್ಲಿ ನಿರ್ದೇಶಕ ಪವನ್ ಕುಮಾರ್ ತಮ್ಮ 'ಲೂಸಿಯಾ' ಚಿತ್ರಕ್ಕೆ ಪ್ರೇಕ್ಷಕರಿಂದಲೇ ಹಣ ಕೂಡಿಸಿದರು. 2013ರಲ್ಲಿ ಚಿತ್ರ ತೆರೆಕಂಡಿತು. ಚಲನಚಿತ್ರಕ್ಕೆ ಒಂದು ಕೊನೆ ಇದೆ. ಬಿಡುಗಡೆಯಾದ ಮೇಲೆ ಅದರ ಎರಡನೆಯ ದೃಶ್ಯವನ್ನು ಪ್ರತಿ ತಿಂಗಳೂ ರಿಪೇರಿ ಮಾಡಬೇಕಾಗುವುದಿಲ್ಲ. ತಂತ್ರಾಂಶದ ಸ್ಥಿತಿ ಹಾಗಲ್ಲ. ಅದು ಓಡುವ ಯಂತ್ರ ಬದಲಾಗುತ್ತದೆ, ಅದು ಆಧರಿಸಿದ ಇತರ ತಂತ್ರಾಂಶಗಳು ಬದಲಾಗುತ್ತವೆ, ದಾಳಿ ಮಾಡುವವರು ಹೊಸ ದಾರಿ ಹುಡುಕುತ್ತಾರೆ.

ವಂತಿಗೆ: ಎಲ್ಲಿ ಸೋತಿತು?

2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 'ಡಯಾಸ್ಪೊರಾ' ಎಂಬ ಯೋಜನೆಯನ್ನು ಪ್ರಕಟಿಸಿದರು. ಫೇಸ್‌ಬುಕ್‌ಗೆ ಬದಲಾಗಿ, ಬಳಕೆದಾರರ ಮಾಹಿತಿ ಅವರ ಕೈಯಲ್ಲೇ ಉಳಿಯುವಂಥ ಮುಕ್ತ ಸಾಮಾಜಿಕ ಜಾಲವನ್ನು ಕಟ್ಟುವುದು ಉದ್ದೇಶ. ಕೇಳಿದ್ದು 10,000 ಡಾಲರ್. ಬಂದದ್ದು 6,479 ಜನರಿಂದ 2,00,641 ಡಾಲರ್. ಕೇಳಿದ್ದರ ಇಪ್ಪತ್ತು ಪಟ್ಟು! ಸೆಪ್ಟೆಂಬರಿನಲ್ಲಿ ಆಕರ ಸಂಕೇತ ಹೊರಬಂದಾಗ ಅದರಲ್ಲಿ ಗಂಭೀರ ಸುರಕ್ಷತಾ ದೋಷಗಳು ಕಂಡುಬಂದವು. 2012ರ ಆಗಸ್ಟ್‌ನಲ್ಲಿ ಸ್ಥಾಪಕರು ಯೋಜನೆಯನ್ನು ಸ್ವಯಂಸೇವಕರ ಸಮುದಾಯಕ್ಕೆ ಒಪ್ಪಿಸಿದರು.

ಇಲ್ಲಿ ಮೋಸವೇನೂ ನಡೆದಿಲ್ಲ. ವಿದ್ಯಾರ್ಥಿಗಳು ದುಡಿದರು, ಸ್ವಯಂಸೇವಕರು ಅದನ್ನು ಉಳಿಸಿಕೊಂಡರು. ಆದರೆ ಕೂಡಿದ ಹಣ ಅಳೆದದ್ದು ಕೆಲಸದ ಪ್ರಮಾಣವನ್ನಲ್ಲ. ಆ ವಸಂತದಲ್ಲಿ ಖಾಸಗಿತನದ ವಿಷಯವಾಗಿ ಜನರಿಗೆ ಫೇಸ್‌ಬುಕ್ ಮೇಲೆ ಬಂದಿದ್ದ ಸಿಟ್ಟನ್ನು ಅದು ಅಳೆಯಿತು. ಸಿಟ್ಟು ಇಳಿದ ಮೇಲೂ ಕೆಲಸ ಇದ್ದೇ ಇರುತ್ತದೆ.

ವಂತಿಗೆ ಸುದ್ದಿಯ ಬೆನ್ನು ಹತ್ತಿ ಬರುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ 'ಜಿಎನ್‌ಯುಪಿಜಿ'. ಇ-ಮೇಲ್ ಗೂಢಲಿಪೀಕರಣಕ್ಕೂ, ತಂತ್ರಾಂಶದ ಕಂತೆಗಳು ಅಸಲಿಯೇ ಎಂದು ಪರೀಕ್ಷಿಸುವುದಕ್ಕೂ ಬಳಸುವ ತಂತ್ರಾಂಶ ಇದು. ಜರ್ಮನಿಯ ವರ್ನರ್ ಕಾಖ್ 1997ರಿಂದ ಇದನ್ನು ನೋಡಿಕೊಂಡು ಬಂದವರು. 1,20,000 ಯೂರೋ ಗುರಿಯ ಅವರ ನಿಧಿಸಂಗ್ರಹ ಕುಂಟುತ್ತಿತ್ತು. 2015ರ ಫೆಬ್ರವರಿಯಲ್ಲಿ ಅಮೆರಿಕದ 'ಪ್ರೊಪಬ್ಲಿಕಾ' ಸುದ್ದಿಸಂಸ್ಥೆ ಅವರ ಕಷ್ಟವನ್ನು ಕುರಿತು ಬರೆದ ಬೆನ್ನಲ್ಲೇ ಗುರಿ ತುಂಬಿತು. ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಸಂತೋಷವೇ. ಆದರೆ ಪತ್ರಕರ್ತರು ಬರೆಯದ ನೂರಾರು ತಂತ್ರಾಂಶಗಳ ಗತಿಯೇನು? ಅಗತ್ಯಕ್ಕೂ ಪ್ರಸಿದ್ಧಿಗೂ ಸಂಬಂಧ ಕಡಿಮೆ. ಒಳಗಿನ ಕೊಳಾಯಿಯಂತೆ ಕೆಲಸ ಮಾಡುವ ತಂತ್ರಾಂಶದ ಹೆಸರೇ ಬಳಕೆದಾರರಿಗೆ ಗೊತ್ತಿರುವುದಿಲ್ಲ.

ಇನಾಮು: ನೂತ್ ಅವರ ಚೆಕ್ಕು

ಇನಾಮಿಗೆ ಅತ್ಯಂತ ಗೌರವದ ಉದಾಹರಣೆ ಗಣಕ ವಿಜ್ಞಾನಿ ಡೊನಾಲ್ಡ್ ನೂತ್ ಅವರದು. ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ ಅವರು 2.56 ಡಾಲರ್ ಚೆಕ್ಕು ಕಳಿಸುತ್ತಿದ್ದರು. 256 ಸೆಂಟ್ ಎಂದರೆ ಷೋಡಶಮಾನ ಪದ್ಧತಿಯಲ್ಲಿ 100 ಅಲ್ಲವೆ? ಹಾಗಾಗಿ ಅದು 'ಷೋಡಶಮಾನ ಡಾಲರ್'! ಅವರ ಅಕ್ಷರಜೋಡಣೆಯ ತಂತ್ರಾಂಶ 'ಟೆಕ್'ನಲ್ಲಿ ದೋಷ ಕಂಡುಹಿಡಿದವರಿಗೆ ಇನಾಮು ವರ್ಷ ವರ್ಷ ದುಪ್ಪಟ್ಟಾಗುತ್ತ ಕೊನೆಗೆ 327.68 ಡಾಲರಿಗೆ ನಿಂತಿತು. ಚೆಕ್ಕು ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು.

ಇದನ್ನು ತೋರಿಸಿ 'ಇನಾಮು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ' ಎನ್ನುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಒಂದು, ಬಂದ ತಪ್ಪುಗಳನ್ನು ಓದಿ ತೀರ್ಮಾನಿಸುವ ನೂತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರ ಜೀವನಕ್ಕೆ ಬೇರೆ ಆಧಾರವಿತ್ತು. ಎರಡು, ಟೆಕ್‌ಗೆ ಹೊಸದೇನನ್ನೂ ಸೇರಿಸುವುದಿಲ್ಲ ಎಂದು ಅವರು ನಿರ್ಧರಿಸಿಬಿಟ್ಟಿದ್ದರು. ಅದರ ಆವೃತ್ತಿ ಸಂಖ್ಯೆ 3.14, 3.141 ಎಂದು ಪೈ ಬೆಲೆಯತ್ತ ಸಾಗುತ್ತದೆ. ಎಂದರೆ ಇದೂ ಬಹುಮಟ್ಟಿಗೆ ಮುಗಿದ ವಸ್ತುವೇ.

ಇನಾಮು: ಲೆಕ್ಕ ಹಾಕಿ ನೋಡೋಣ

'ಈ ಹೊಸ ಸೌಲಭ್ಯ ಬರೆದುಕೊಟ್ಟವರಿಗೆ ಇಷ್ಟು' ಎಂಬ ಇನಾಮು ಬೇರೆ ಬಗೆಯದು. ಅಂಥ ಕೆಲಸದ ಸಂತೆಯಾಗಿ 1999ರಲ್ಲಿ ಆರಂಭವಾದ 'ಸೋರ್ಸ್‌ಎಕ್ಸ್‌ಚೇಂಜ್' 2001ರಲ್ಲೇ ಮುಚ್ಚಿತು. 2004ರಲ್ಲಿ ಹುಟ್ಟಿದ 'ಬೌಂಟಿಸೋರ್ಸ್' ಹೆಚ್ಚು ಕಾಲ ನಡೆಯಿತು. ಈ ಬಗೆಯ ಇನಾಮಿನ ತೊಡಕನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು.

ಒಂದು ಕೆಲಸಕ್ಕೆ 200 ಡಾಲರ್ ಇನಾಮು ಇದೆಯೆನ್ನಿ. ಮೂವರು ಒಬ್ಬರಿಗೊಬ್ಬರು ತಿಳಿಯದೆ ತಲಾ 20 ಗಂಟೆ ದುಡಿಯುತ್ತಾರೆ. ತಂತ್ರಾಂಶದ ನಿರ್ವಾಹಕ ಮೂರನ್ನೂ ಓದಿ, ಪರೀಕ್ಷಿಸಿ, ಒಂದನ್ನು ಆರಿಸಲು 10 ಗಂಟೆ ವ್ಯಯಿಸುತ್ತಾನೆ. ಒಟ್ಟು 70 ಗಂಟೆ. ಗಂಟೆಗೆ ಮೂರು ಡಾಲರಿಗಿಂತ ಕಡಿಮೆಯಾಯಿತು. ಅದರಲ್ಲೂ ಪೂರ್ತಿ ಹಣ ಒಬ್ಬನಿಗೆ. ಉಳಿದಿಬ್ಬರಿಗೆ ಸೊನ್ನೆ, ನಿರ್ವಾಹಕನಿಗೂ ಸೊನ್ನೆ. ಗೆದ್ದವನು ಹಣ ಪಡೆದು ಹೋದ ಮೇಲೆ, ಅವನು ಸೇರಿಸಿದ ಸಾಲುಗಳನ್ನು ಮುಂದಿನ ಹತ್ತು ವರ್ಷ ಸರಿಯಾಗಿಟ್ಟುಕೊಳ್ಳುವ ಹೊಣೆಯೂ ಆ ಸೊನ್ನೆ ಪಡೆದ ನಿರ್ವಾಹಕನದೇ!

ಇನ್ನೊಂದು ತೊಡಕು ಹಣದ ಠೇವಣಿ. 2020ರಲ್ಲಿ ಬೌಂಟಿಸೋರ್ಸ್, ಎರಡು ವರ್ಷದೊಳಗೆ ಯಾರೂ ಪಡೆಯದ ಇನಾಮನ್ನು ತಾನೇ ಇಟ್ಟುಕೊಳ್ಳುವುದಾಗಿ ಹೊಸ ನಿಯಮ ತಂದಿತು. ಪ್ರತಿಭಟನೆ ಎದ್ದ ಮೇಲೆ ಅದನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಪಾವತಿಯೇ ನಿಂತುಹೋಯಿತು. ಕೆಲ್ಸಿ ಮತ್ತು ಶ್ನಯರ್ ಅವರ ಕ್ರಮ ನಿಂತಿರುವುದೇ ನಂಬಿಕಸ್ತ ಮೂರನೆಯವರ ಮೇಲೆ ಎಂಬುದನ್ನು ನೆನಪಿಸಿಕೊಳ್ಳಿ. ಆ ಮೂರನೆಯವರಿಗೂ ಮಾಲೀಕರಿರುತ್ತಾರೆ, ಅವರಿಗೂ ಸಾಲವಿರುತ್ತದೆ.

ಮೂರನೆಯ ತೊಡಕು ಇನಾಮು ಯಾರನ್ನು ಕರೆತರುತ್ತದೆ ಎಂಬುದು. 2020ರ ಅಕ್ಟೋಬರಿನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್' ಎಂಬ ವಾರ್ಷಿಕ ಉತ್ಸವದಲ್ಲಿ ಮುಕ್ತ ತಂತ್ರಾಂಶಗಳಿಗೆ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಒಂದು ಟೀ ಶರ್ಟ್ ಎಂದಿತ್ತು. ಒಂದೆರಡು ಪದ ಸೇರಿಸಿದ ಅರ್ಥವಿಲ್ಲದ ತಿದ್ದುಪಡಿಗಳ ಪ್ರವಾಹವೇ ಹರಿಯಿತು. ಸುಲಭವಾಗಿ ತಿದ್ದುಪಡಿ ಕಳಿಸುವುದು ಹೇಗೆಂದು ತೋರಿಸಿದ, ನಮ್ಮ ದೇಶದ ವಿದ್ಯಾರ್ಥಿಗಳಲ್ಲಿ ಜನಪ್ರಿಯವಾದ ಒಂದು ವಿಡಿಯೋ ಇದಕ್ಕೆ ಇಂಬುಕೊಟ್ಟಿತೆಂಬುದು ನಾವು ತಲೆತಗ್ಗಿಸಬೇಕಾದ ಮಾತು. ಉತ್ಸವದ ನಡುವೆಯೇ ನಿಯಮ ಬದಲಾಯಿಸಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಒಂದು ಟೀ ಶರ್ಟಿಗೆ ಇಷ್ಟಾದರೆ ಹಣಕ್ಕೆ ಎಷ್ಟಾಗಬೇಡ? ಅಂತರಜಾಲದಲ್ಲಿ ಕಡತಗಳನ್ನು ರವಾನಿಸುವ 'ಕರ್ಲ್' ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ 2019ರಲ್ಲಿ ಸುರಕ್ಷತಾ ದೋಷಗಳಿಗೆ ಇನಾಮು ಆರಂಭಿಸಿದ್ದರು. ಅದರಿಂದ ನಿಜವಾದ ದೋಷಗಳೂ ಸಿಕ್ಕವು. ಆದರೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಸುಳ್ಳು ವರದಿಗಳನ್ನು ಓದಿ ತಂಡ ಬಸವಳಿಯಿತು. 2026ರ ಜನವರಿ ಕೊನೆಗೆ ಇನಾಮನ್ನೇ ನಿಲ್ಲಿಸಿದರು.

ಇನಾಮಿಲ್ಲದೆ ಸಿಕ್ಕ ದೋಷ

ಹಾಗಾದರೆ ಹಣವೇ ಕೆಟ್ಟದ್ದೆ? ಅಲ್ಲ. ಹಣವಿಲ್ಲದಿರುವುದರ ಫಲವೇನೆಂದು 2024ರ ಮಾರ್ಚ್ 29ರಂದು ಬೆಳಕಿಗೆ ಬಂದ 'ಎಕ್ಸ್‌ಝಡ್' ಪ್ರಕರಣ ತೋರಿಸಿತು. ಕಡತಗಳನ್ನು ಕುಗ್ಗಿಸುವ ಈ ಚಿಕ್ಕ ತಂತ್ರಾಂಶ ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಇದೆ. ಅದನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಒಬ್ಬರು. ಅವರು ದಣಿದಿದ್ದರು. 'ಜಿಯಾ ಟಾನ್' ಎಂಬ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವು ನೀಡಿ, ನಂಬಿಕೆ ಗಳಿಸಿ, ಸಹ ನಿರ್ವಾಹಕರಾಗಿ, ಕೊನೆಗೆ ಗುಟ್ಟಾದ ಹಿಂಬಾಗಿಲೊಂದನ್ನು ಸೇರಿಸಿದರು. ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್. ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ, ಏಕೆ ಎಂದು ಅವರು ಬೆನ್ನುಹತ್ತಿದರು. ಅವರ ಮುಂದೆ ಯಾವ ಇನಾಮೂ ಇರಲಿಲ್ಲ. ಅವರು ಮೈಕ್ರೋಸಾಫ್ಟ್‌ನಲ್ಲಿ ಸಂಬಳ ಪಡೆಯುತ್ತ 'ಪೋಸ್ಟ್‌ಗ್ರೆಸ್' ಎಂಬ ಮುಕ್ತ ದತ್ತಸಂಚಯದ ಮೇಲೆ ದುಡಿಯುವ ಎಂಜಿನಿಯರ್. ಒಂದು ಸಣ್ಣ ಅಸಂಗತಿಯ ಹಿಂದೆ ಹೋಗಲು ಅವರಿಗೆ ಬಿಡುವೂ ನಿಶ್ಚಿಂತೆಯೂ ಇತ್ತು. ಎಕ್ಸ್‌ಝಡ್ ನಿರ್ವಾಹಕರಿಗೆ ಇಲ್ಲದಿದ್ದುದು ಅದೇ.

ಬ್ಲೆಂಡರ್‌ನ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆದ 'ಫ್ಲೋ' ಬ್ಲೆಂಡರ್‌ನಲ್ಲಿ ತಯಾರಾದ ಚಿತ್ರ. ಇದಕ್ಕೆ 2002ರ ವಂತಿಗೆಯೇ ಕಾರಣವೆಂದರೆ ಅರ್ಧ ಸತ್ಯ. ವಂತಿಗೆ ಅದನ್ನು ಬಿಡಿಸಿ ತಂದಿತು. ಆಮೇಲೆ ಒಂದು ಪ್ರತಿಷ್ಠಾನ, ಸಂಬಳದ ಕೆಲಸಗಾರರು, ವ್ಯಕ್ತಿಗಳೂ ಕಂಪನಿಗಳೂ ನಿಯತವಾಗಿ ಹಣ ಹಾಕುವ ಅಭಿವೃದ್ಧಿ ನಿಧಿ ಅದನ್ನು ಸಾಕಿದವು.

ಇಂಥ ನಿಯತ ನಿಧಿಗಳು ಈಗ ಅಲ್ಲಲ್ಲಿ ಕಾಣಿಸಿಕೊಂಡಿವೆ. ಹಾರ್ಟ್‌ಬ್ಲೀಡ್ ಆದ ತಿಂಗಳಲ್ಲೇ ಲಿನಕ್ಸ್ ಫೌಂಡೇಷನ್ ದೊಡ್ಡ ಕಂಪನಿಗಳಿಂದ ವರ್ಷಕ್ಕೆ ತಲಾ 1,00,000 ಡಾಲರಿನಂತೆ ಮೂರು ವರ್ಷಗಳ ಭರವಸೆ ಪಡೆಯಿತು. ಜರ್ಮನಿಯ ಸರ್ಕಾರ 2022ರಲ್ಲಿ ಇದಕ್ಕೆಂದೇ ಒಂದು ನಿಧಿ ತೆರೆಯಿತು. ನಮ್ಮ ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ 2024ರ ಅಕ್ಟೋಬರಿನಲ್ಲಿ 'ಫ್ಲಾಸ್ ಫಂಡ್' ಆರಂಭಿಸಿ, ವರ್ಷಕ್ಕೆ 10 ಲಕ್ಷ ಡಾಲರುವರೆಗೆ ಕೊಡುವುದಾಗಿ ಹೇಳಿತು. ತನ್ನ ವ್ಯವಹಾರ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ ಎಂದು ಒಪ್ಪಿ ಹಣ ಕೊಡುವುದು ಮೆಚ್ಚತಕ್ಕದ್ದು. ಆದರೂ ಇವೆಲ್ಲ ಕೊಡುವವರ ಇಚ್ಛೆಯನ್ನು ಅವಲಂಬಿಸಿವೆ. ಬಜೆಟ್ಟು ಅಥವಾ ಲಾಭ ಇಳಿದ ವರ್ಷ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಕೆರೆ ಕಟ್ಟಿದ ಮೇಲೆ

ಕರ್ನಾಟಕದ ಹಳೆಯ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಬರುತ್ತದೆ. ಕೆರೆಯನ್ನು ನೋಡಿಕೊಳ್ಳುವುದಕ್ಕೆಂದು ಬಿಟ್ಟ ಭೂಮಿ ಅಥವಾ ಅದರ ಆದಾಯ ಅದು. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ, ನಿಜ. ಆದರೆ ಹೂಳೆತ್ತಲು, ಏರಿ ಭದ್ರಪಡಿಸಲು, ತೂಬು ನೋಡಿಕೊಳ್ಳಲು ವರ್ಷ ವರ್ಷವೂ ಬೇಕಾಗುವ ಖರ್ಚಿಗೆ ಬೇರೆಯೇ ಏರ್ಪಾಡು ಬೇಕೆಂದು ಆ ಜನರಿಗೆ ಗೊತ್ತಿತ್ತು. ವಂತಿಗೆ ಕೆರೆ ಕಟ್ಟಬಲ್ಲದು. ಇನಾಮು ಏರಿಯಲ್ಲಿ ಬಿರುಕು ತೋರಿಸಿದವನನ್ನು ಮೆಚ್ಚಬಲ್ಲದು. ಎರಡೂ ತಮ್ಮ ಜಾಗದಲ್ಲಿ ಸರಿ. ಎರಡೂ ಸೇರಿ ಬಿತ್ತುವಟ್ಟದ ಕೆಲಸ ಮಾಡುತ್ತವೆ ಎಂದು ನಂಬಿಸುವುದು ತಪ್ಪು.

ಮುಕ್ತ ತಂತ್ರಾಂಶದಿಂದ ಹಣ ಗಳಿಸಬಹುದೇ ಎಂದು ನಿಮ್ಮ ವಿದ್ಯಾರ್ಥಿ ಕೇಳಿದರೆ ಏನು ಹೇಳುತ್ತೀರಿ? ಇನಾಮಿಗೆ ಕೈಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳಿ. ಈ ಕೆಲಸ ನಿರ್ವಾಹಕರಿಗೆ ಬೇಕಾಗಿದೆಯೆ, ಅಥವಾ ಹಣ ಇಟ್ಟವರಿಗೆ ಮಾತ್ರವೆ? ಇದೇ ಕೆಲಸವನ್ನು ಬೇರೆ ಯಾರಾದರೂ ಆಗಲೇ ಹಿಡಿದಿದ್ದಾರೆಯೆ? ಹಣ ಯಾರ ಕೈಯಲ್ಲಿದೆ? ಅದಕ್ಕಿಂತ ಮೊದಲು ಆತ ಒಂದು ತಂತ್ರಾಂಶವನ್ನು ಕೆಲವು ತಿಂಗಳು ಬಳಸಲಿ, ಅದರ ಆಕರ ಸಂಕೇತವನ್ನು ಓದಲಿ, ಬೇರೆಯವರು ವರದಿ ಮಾಡಿದ ದೋಷಗಳನ್ನು ತನ್ನ ಗಣಕದಲ್ಲಿ ಪರೀಕ್ಷಿಸಿ ಹೌದು ಅಲ್ಲ ಎಂದು ತಿಳಿಸಲಿ. ಇದಕ್ಕೆ ಇನಾಮು ಸಿಗಲಾರದು. ಆದರೆ ನಿರ್ವಾಹಕರ ಹೊರೆ ಇಷ್ಟರಿಂದಲೇ ಹಗುರಾಗುತ್ತದೆ, ವಿದ್ಯಾರ್ಥಿಗೂ ಪಾಠ ಸಿಗುತ್ತದೆ.

ನಿಮ್ಮ ಕಾಲೇಜಿನ ಪ್ರಯೋಗಾಲಯದ ಗಣಕಗಳಲ್ಲಿ ಯಾವ ಯಾವ ಮುಕ್ತ ತಂತ್ರಾಂಶಗಳಿವೆ, ಪ್ರತಿಯೊಂದನ್ನೂ ನೋಡಿಕೊಳ್ಳುವವರು ಎಷ್ಟು ಮಂದಿ, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಪಟ್ಟಿ ಮಾಡುವ ಕೆಲಸವನ್ನು ಒಂದು ತರಗತಿಗೆ ಕೊಟ್ಟು ನೋಡಿ. ಕೊನೆಯ ಅಂಕಣದಲ್ಲಿ ಖಾಲಿ ಉಳಿಯುವ ಮನೆಗಳು ಎಷ್ಟೆಂದು ವಿದ್ಯಾರ್ಥಿಗಳೇ ಎಣಿಸಲಿ.